ಒಂದು ಸಲದ ಸವಾರಿಗೆ ಇಷ್ಟೊಂದು ಹೊಳಪು

ನಮ್ಮ ಮಾವನ ಗಾಡಿಯಲ್ಲಿ ಮಲಗಿ ಹೋದ ಒಬ್ಬ ಪ್ರಯಾಣಿಕನೂ ಇವತ್ತಿನವರೆಗೆ ಒಂದು ದೂರು ಹೇಳಿಲ್ಲ. ಬ್ರೇಕು ಜೋರಾಗಿ ಹಾಕಿದ, ಹಳ್ಳಕ್ಕೆ ಇಳಿಸಿದ, ತಡ ಮಾಡಿದ, ಚಿಲ್ಲರೆ ಕೊಡಲಿಲ್ಲ, ಏನೂ ಇಲ್ಲ. ಊರಿಗಾಮಿನಿಂದ ಬಂಗಾರಪೇಟೆಯವರೆಗಿನ ಅಷ್ಟೂ ಆಟೋ, ಟೆಂಪೊ, ಬಸ್ಸಿನ ಡ್ರೈವರುಗಳನ್ನು ಸಾಲಾಗಿ ನಿಲ್ಲಿಸಿ ಕೇಳಿ. ಇಂಥ ದಾಖಲೆ ಇನ್ನೊಬ್ಬನ ಹೆಸರಿನಲ್ಲಿದ್ದರೆ ನಾನು ಮೀಸೆ ಬೋಳಿಸುತ್ತೇನೆ. ಮೀಸೆ ಈಗಾಗಲೇ ಇಲ್ಲ, ಅದು ಬೇರೆ ಮಾತು.

ಕಾರಣ ಸರಳ. ಮಾವ ಓಡಿಸುವುದು ಹೆಣದ ಗಾಡಿ.

ಮಾವ ಎಂದರೆ ನನ್ನ ತಾಯಿಯ ತಮ್ಮ. ಇಷ್ಟು ವಯಸ್ಸಾದವನನ್ನು ಏಕವಚನದಲ್ಲಿ ಬರೆಯುತ್ತಾನಲ್ಲ ಎಂದು ಬೇಸರಿಸಬೇಡಿ. ನಮ್ಮ ಕಡೆ ಸೋದರಮಾವನಿಗೆ ಬಹುವಚನ ಕೊಟ್ಟರೆ, ಇವನಿಗೆ ನನ್ನಿಂದ ಏನೋ ಕೆಲಸ ಆಗಬೇಕಿದೆ ಎಂದು ಅವನೇ ಅನುಮಾನ ಪಡುತ್ತಾನೆ. ನಮ್ಮೂರ ಚಿನ್ನದ ಗಣಿ ನಡೆಯುತ್ತಿದ್ದಾಗ ಅಲ್ಲಿ ಲಾರಿ ಓಡಿಸುತ್ತಿದ್ದ. ಗಣಿ ಮುಚ್ಚಿದ ಮೇಲೆ ಸಿಕ್ಕಿದ್ದನ್ನೆಲ್ಲ ಓಡಿಸಿದ. ಕೆಲವು ವರ್ಷಗಳ ಹಿಂದೆ ಅತ್ತೆ ತೀರಿಕೊಂಡರು. ಅದಾದ ಸ್ವಲ್ಪ ದಿನಕ್ಕೆ ನಮ್ಮ ಕಾಲೊನಿಯ ಸಂಘದವರು ಎಲ್ಲಿಂದಲೋ ಒಂದು ಹಳೆಯ ವ್ಯಾನು ತಂದು, ಇದನ್ನು ಯಾರು ಓಡಿಸುತ್ತೀರಿ ಎಂದು ಸಭೆಯಲ್ಲಿ ಕೇಳಿದರಂತೆ. ಎಲ್ಲರೂ ಚಪ್ಪಲಿ ಹುಡುಕಿಕೊಳ್ಳುತ್ತಿದ್ದಾಗ ಎದ್ದ ಒಂದೇ ಕೈ ನಮ್ಮ ಮಾವನದು.

ಅಷ್ಟಾಗಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಹೆಣದ ಗಾಡಿ ಓಡಿಸುವವರು ಎಲ್ಲ ಊರಲ್ಲೂ ಇರುತ್ತಾರೆ. ಆದರೆ ಅದನ್ನು ಮದುವೆ ಗಂಡಿನ ಹಾಗೆ ಅಭ್ಯಂಜನ ಮಾಡಿಸಿ, ಮೈಗೆ ಮೇಣ ತೀಡಿ, ಕನ್ನಡಿಯಾಗುವ ತನಕ ಉಜ್ಜುವವನು ನಮ್ಮ ಮಾವನೊಬ್ಬನೇ. ಮತ್ತು ಈ ಎಲ್ಲ ಕೈಂಕರ್ಯ ನಡೆಯುವುದು ನಮ್ಮ ಮನೆಯ ಗೇಟಿನ ಮುಂದೆ. ಏಕೆಂದರೆ ನಮ್ಮಲ್ಲಿ ಬೋರ್‌ವೆಲ್ ಇದೆ, ಹೊಂಗೆ ಮರದ ನೆರಳಿದೆ. ನೆರಳಿಲ್ಲದೆ ಮೇಣ ಹಚ್ಚಬಾರದಂತೆ.

ವ್ಯಾನಿನ ಬಣ್ಣ ಕಡುನೀಲಿ. ನಮ್ಮೂರಲ್ಲಿ ಕಡುನೀಲಿ ಗಾಡಿ ಇಟ್ಟುಕೊಳ್ಳುವುದೂ ಒಂದೇ, ಬಿಳಿ ಪಂಚೆ ಉಟ್ಟು ಗಿರಣಿಯಲ್ಲಿ ಕೂರುವುದೂ ಒಂದೇ. ಗಣಿಯವರು ಚಿನ್ನ ತೆಗೆದುಕೊಂಡು ಮಿಕ್ಕಿದ್ದನ್ನು ಬೆಟ್ಟ ಮಾಡಿ ನಮಗೆ ಬಿಟ್ಟುಹೋಗಿದ್ದಾರಲ್ಲ, ಆ ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ತಿರುಗಿದರೆ ಸಾಕು, ಹಿಟ್ಟಿನಂಥ ಧೂಳು ಊರೆಲ್ಲ ಕೂರುತ್ತದೆ. ನಾವು ಸಾಮಾನ್ಯರು ಆಗ ಕಿಟಕಿ ಮುಚ್ಚುತ್ತೇವೆ. ಮಾವ ಸೊಂಟದ ಮೇಲೆ ಕೈಯಿಟ್ಟು ದಿಬ್ಬವನ್ನು ದಿಟ್ಟಿಸುತ್ತಾನೆ, ಹಳೆಯ ದಾಯಾದಿಯನ್ನು ನೋಡಿದ ಹಾಗೆ. ಆಮೇಲೆ ಪಂಚೆ ಎತ್ತಿ ಕಟ್ಟುತ್ತಾನೆ.

"ಒಣಗಿದ್ ಧೂಳ್ನ ಬಟ್ಟೇಲಿ ಒರೆಸಿದ್ರೆ ಉಪ್ಪುಕಾಗದ ಆಕಿ ತಿಕ್ದಂಗೆ ಕಣ್ಲಾ, ಗೀರ್ ಬೀಳ್ತದೆ," ಎಂದು ನನಗೆ ಪಾಠ. "ಮೊದ್ಲು ನೀರ್ ಬಿಡ್ಬೇಕು. ಧೂಳ್ನ ಒಳ್ಳೆ ಮಾತಲ್ಲಿ ಇಳ್ಸಿ ಕಳಿಸ್ಬೇಕು."

ಆಮೇಲೆ ಎರಡು ಬಕೆಟ್. ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು. ಒಂದರ ನೀರು ಇನ್ನೊಂದಕ್ಕೆ ಸೇರಿದರೆ ಮಾವನ ಪ್ರಕಾರ ಅದು ಕುಲಗೆಟ್ಟ ಕೆಲಸ. ಬೇಸಿಗೆಯಲ್ಲಿ ಬೋರ್‌ವೆಲ್ ಕೆಮ್ಮುವಾಗಲೂ ಈ ಲೆಕ್ಕ ತಪ್ಪದು. ನನ್ನ ಹೆಂಡತಿ ಅಡುಗೆಮನೆಯಿಂದಲೇ ಕೂಗುತ್ತಾಳೆ: "ಈ ಮನೇಲಿ ಬದುಕಿರೋರ ಸ್ನಾನಕ್ಕೆ ಅರ್ಧ ಬಕೆಟ್ಟು, ಸತ್ತೋರ ಗಾಡಿಗೆ ಎರಡು. ಯಾವುದು ಲಾಭ ಅಂತ ಯೋಚ್ನೆ ಮಾಡ್ತಿದ್ದೀನಿ."

"ಅವಸರ ಬ್ಯಾಡ ಕಣಮ್ಮಾ," ಎನ್ನುತ್ತಾನೆ ಮಾವ, ಚಕ್ರ ತಿಕ್ಕುತ್ತ. "ಪಾಲಿಶ್ ಇನ್ನಾ ಒಣಗಿಲ್ಲ."

ಒರೆಸುವ ಬಟ್ಟೆಯದು ಇನ್ನೊಂದು ಪುರಾಣ. ಅಂಗಡಿಯ ಬಟ್ಟೆ ಆಗದು. ಬನಿಯನ್ನಿನ ಹೊಲಿಗೆ ಗೀರುತ್ತದೆ, ಟವಲಿನ ಎಳೆ ಕಚ್ಚುತ್ತದೆ. ಯಾರ ಮನೆಯಲ್ಲಿ ಹೆರಿಗೆಯಾಗಿದೆಯೋ ವಿಚಾರಿಸಿಕೊಂಡು ಹೋಗಿ, ಮಗು ದೊಡ್ಡದಾದ ಮೇಲೆ ಅದಕ್ಕೆ ಹಾಸಿ ಹೊದಿಸಿ ಒಗೆದು ಮೆತ್ತಗಾದ ಹಳೆಯ ಬಟ್ಟೆಗಳನ್ನು ಬೇಡಿ ತರುತ್ತಾನೆ. ಬಾಣಂತಿಯರ ತಾಯಂದಿರು ಪಾಪ, ತಾತನಿಗೆ ಮಕ್ಕಳೆಂದರೆ ಎಷ್ಟು ಪ್ರೀತಿ ಎಂದುಕೊಂಡು ಕೊಟ್ಟು ಕಳಿಸುತ್ತಾರೆ. ಆ ಬಟ್ಟೆ ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಾದರೆ ನಮ್ಮನ್ನು ಊರು ಬಿಡಿಸುತ್ತಾರೆ ಎಂಬುದು ನನ್ನ ಹಲವು ಚಿಂತೆಗಳಲ್ಲಿ ಒಂದು.

ಈ ಬಟ್ಟೆಗಳನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಬೇರೆ ಯಾವ ಬಟ್ಟೆಯೂ ಗಾಡಿಯನ್ನು ಮುಟ್ಟುವಂತಿಲ್ಲ. ಒಂದು ಸಲ ನನ್ನ ಹೆಂಡತಿ ಅಕ್ಕರೆಯಿಂದಲೇ, ಬಾನೆಟ್ಟಿನ ಮೇಲೆ ಕಾಗೆ ಮಾಡಿದ್ದ ಕೆಲಸವನ್ನು ಸೆರಗಿನ ತುದಿಯಿಂದ ಒರೆಸಲು ಹೋದಳು. "ಏಯ್! ಸೆರಗು! ಸೆರಗು!" ಎಂದು ಮಾವ ಬೀದಿಯ ಆ ತುದಿಯಿಂದ ಕಿರುಚಿದ ರೀತಿಗೆ, ಅವಳ ಸೆರಗಿಗೆ ಬೆಂಕಿ ತಗುಲಿದೆ ಎಂದು ಎದುರುಮನೆಯವರು ನೀರು ತಂದರು.

ಮೇಣವನ್ನು ತೆಳ್ಳಗೆ ಹಚ್ಚಬೇಕು, ಮಂಜು ಕವಿದ ಹಾಗೆ ಮಂಕಾಗುವ ತನಕ ಕಾಯಬೇಕು, ಬೆರಳಿನಲ್ಲಿ ಒಂದು ಗೆರೆ ಎಳೆದು ನೋಡಬೇಕು, ಗೆರೆ ಪಳಪಳ ಅಂದರೆ ಮಾತ್ರ ಒರೆಸಬೇಕು. ಕೊನೆಗೆ ಪರೀಕ್ಷೆ. ಗಾಡಿಯ ಮೇಲೆ ಟಾರ್ಪಾಲು ಎಳೆದು, ಗಣಿಗೆ ಇಳಿಯುವವರು ತಲೆಗೆ ಕಟ್ಟಿಕೊಳ್ಳುತ್ತಿದ್ದ ಬ್ಯಾಟರಿ ದೀಪವನ್ನು ಹಣೆಗೆ ಕಟ್ಟಿಕೊಂಡು, ಹಾಡಹಗಲಲ್ಲಿ ಮಾವ ಒಳಗೆ ನುಸುಳುತ್ತಾನೆ. ಗೀರುಗಳು ಆ ಬೆಳಕಿಗೇ ಸಿಕ್ಕಿಬೀಳುವುದಂತೆ. ಹೊರಗಿನಿಂದ ನೋಡುವವರಿಗೆ ಹೆಣದ ಗಾಡಿಯ ಸುತ್ತ ಟಾರ್ಪಾಲಿನೊಳಗೆ ಒಂದು ದೀಪ ತೆವಳುವುದು ಮಾತ್ರ ಕಾಣುತ್ತದೆ. ಹಾಲಿನವನು ನಮ್ಮ ಮನೆ ಬಿಟ್ಟು ಹೋಗಲು ಬೇರೆ ಕಾರಣ ಬೇಕೆ?

ಇಷ್ಟೆಲ್ಲ ಉಜ್ಜಿದ್ದರ ಫಲವಾಗಿ ಒಂದು ಅನಾಹುತವಾಯಿತು. ವ್ಯಾನಿನ ಎರಡೂ ಪಕ್ಕಗಳಲ್ಲಿ ಸಂಘದವರು 'ಮುಕ್ತಿ ವಾಹನ' ಎಂದು ಬರೆಸಿದ್ದರು. ಮೊದಲ ವರ್ಷ ಮುಕ್ತಿ ಅಳಿಸಿತು. ಎರಡನೆಯ ವರ್ಷ ವಾಹನವೂ ಹೋಯಿತು. ಅಧ್ಯಕ್ಷರು ಮತ್ತೆ ಬರೆಸುತ್ತೇವೆ ಎಂದು ಬಂದರೆ ಮಾವ ಅಡ್ಡ ನಿಂತ. "ಅಕ್ಸರದ ಅಂಚಲ್ಲಿ ಧೂಳ್ ಕೂರ್ತದೆ ಸಾರ್. ಅಷ್ಟಕ್ಕೂ ಓದೋರ್ ಯಾರು? ಒಳಗಿರೋರ್ಗೆ ಬ್ಯಾಡ, ವರಗಿರೋರ್ಗೆ ಇಷ್ಟ ಇಲ್ಲ." ಅಧ್ಯಕ್ಷರು ಬಂದ ದಾರಿಯಲ್ಲೇ ಹಿಂತಿರುಗಿದರು. ಹೀಗೆ ನಮ್ಮ ಗೇಟಿನ ಮುಂದೆ, ಯಾವ ಗುರುತೂ ಇಲ್ಲದ, ಯಾವುದೋ ದೊಡ್ಡ ಹೋಟೆಲಿನವರ ವ್ಯಾನಿನಂತೆ ಥಳಥಳಿಸುವ ಒಂದು ಗಾಡಿ ನಿಂತಿತು.

ಒಮ್ಮೆ ಆಯುಧಪೂಜೆಗೆ ರಾಬರ್ಟ್‌ಸನ್‌ಪೇಟೆಯ ಹುಡುಗರು ಅತ್ಯುತ್ತಮವಾಗಿ ಇಟ್ಟುಕೊಂಡ ಗಾಡಿಗೆ ಬಹುಮಾನ ಎಂದರು. ಮಾವ ಮುಂಭಾಗಕ್ಕೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ ಓಡಿಸಿಕೊಂಡು ಹೋದ. ತೀರ್ಪುಗಾರರು ಬಾಗಿಲಿನಲ್ಲಿ ತಮ್ಮ ಮುಖ ನೋಡಿಕೊಂಡು, ಜೇಬಿನಿಂದ ಬಾಚಣಿಗೆ ತೆಗೆದು ತಲೆ ಬಾಚಿದರು. ಮೊದಲನೆಯ ಬಹುಮಾನ ಖಾತ್ರಿ ಎನ್ನುವಷ್ಟರಲ್ಲಿ ಕೇಳಿದರು: "ಯಜಮಾನ್ರೇ, ಇದ್ರಲ್ಲಿ ಸಾಮಾನ್ಯವಾಗಿ ಯಾರು ಓಡಾಡ್ತಾರೆ?"

"ಓಡಾಡೋರ್ ಯಾರೂ ಇಲ್ಲ ಸಾರ್," ಅಂದ ಮಾವ. "ಒಂದ್ ಸಲ ಬಂದೋರು ಇನ್ನೊಂದ್ ಸಲ ಬರಲ್ಲ."

ಎರಡನೆಯ ಬಹುಮಾನ ಬಂತು. ತೀರ್ಪುಗಾರರು ಆ ಬಾಚಣಿಗೆಯನ್ನು ಅಲ್ಲೇ ಬಿಟ್ಟು ಹೋದರು.

ನನ್ನ ಪಾಡು ಕೇಳಿ. ನಾನು ದಿನಕ್ಕೊಮ್ಮೆಯಾದರೂ ನಾಡಿ ಹಿಡಿದು ನೋಡಿಕೊಳ್ಳುವ ಪ್ರಾಣಿ. ಎಡಭುಜಕ್ಕೆ ನೋವು ಬಂದರೆ ಹೃದಯ, ಬಲಭುಜಕ್ಕೆ ಬಂದರೆ ಹೃದಯ ಜಾಗ ಬದಲಿಸಿದೆ ಎಂದುಕೊಳ್ಳುವವನು. ಅಂಥವನು ಪ್ರತಿ ಬೆಳಗ್ಗೆ ಗೇಟು ತೆಗೆದ ಕೂಡಲೇ ಹೆಣದ ಗಾಡಿಯ ಮೈಯಲ್ಲಿ ತನ್ನ ಮುಖವನ್ನು, ಕಡುನೀಲಿ ಬಣ್ಣದಲ್ಲಿ, ಸ್ಪಷ್ಟವಾಗಿ ನೋಡಬೇಕು. ಒಂದು ದಿನ ಹಾಗೇ ನಿಂತು ಕಣ್ಣಿನ ಕೆಳಗಿನ ಊತ ಪರೀಕ್ಷಿಸುತ್ತಿದ್ದಾಗ ಮಾವ ನನ್ನನ್ನು ತಲೆಯಿಂದ ಕಾಲಿನವರೆಗೆ ಅಳೆದ.

"ನೀನು ಉದ್ದ ಜಾಸ್ತಿ ಕಣ್ಲಾ. ಇಂದ್ಗಡೆ ಬಾಗ್ಲು ಆಕಾಕಾಗಲ್ಲ. ಬರೋವಾಗ ಮಂಡಿ ಸ್ವಲ್ಪ ಮಡಚ್ಕಂಡ್ ಬಾ."

ಇನ್ನೊಂದು ವಿಚಿತ್ರ ಹೇಳುವುದು ಮರೆತೆ. ಕೋಲಾರ ಜಿಲ್ಲೆಯಲ್ಲಿ ಹುಟ್ಟಿ ಬೆಳೆದು ಟೊಮೇಟೊ ತಿನ್ನದ ಏಕೈಕ ಮನುಷ್ಯ ನಮ್ಮ ಮಾವ. ರಾತ್ರಿ ಊಟ ನಮ್ಮಲ್ಲೇ. ಅವನಿಗೆಂದು ಹುಣಸೆಹಣ್ಣಿನ ಸಾರು ಬೇರೆ. ಕೇಳಿದರೆ, "ಟೊಮೇಟೊ ರಸ ಬಣ್ಣ ತಿಂತದೆ. ಕೈಗತ್ತಿದ್ದು ಗಾಡಿಗತ್ತದೆ," ಎನ್ನುತ್ತಾನೆ. ನಿಂಬೆಹಣ್ಣಿಗೆ, ಹುಣಸೆಗೆ ಇಲ್ಲದ ಹುಳಿ ಟೊಮೇಟೊಗೆ ಎಲ್ಲಿಂದ ಬಂತು? ಇಷ್ಟೆಲ್ಲ ಹುಚ್ಚಿನ ನಡುವೆ ಅದೊಂದು ಚೂರು ಹುಚ್ಚಿಗೆ ಕಾರಣ ಹುಡುಕಲು ಯಾರಿಗೂ ಪುರುಸೊತ್ತಿರಲಿಲ್ಲ.

ಈಗ ನಿಜವಾದ ಸಂಕಟಕ್ಕೆ ಬರುತ್ತೇನೆ. ನನಗೊಬ್ಬಳು ಮಗಳು. ಬಂಗಾರಪೇಟೆಯ ಶಾಲೆಯೊಂದರಲ್ಲಿ ಟೀಚರು. ಹಿಂದೆ ಅವಳನ್ನು ನೋಡಲು ಬಂದ ಒಂದು ಮನೆಯವರು ನಮ್ಮ ಗೇಟಿನ ಮುಂದೆ ನಿಂತ ಗಾಡಿ ಯಾವುದೆಂದು ಬೀದಿಯವರಿಂದ ತಿಳಿದು, ಕಾರಿನಿಂದ ಇಳಿಯದೆಯೇ ತಿರುಗಿಸಿಕೊಂಡು ಹೋಗಿದ್ದರು. ಈ ಸಲ ಬಂಗಾರಪೇಟೆ ಪಕ್ಕದ ಹಳ್ಳಿಯವರು. ತೋಟ, ಹಸು, ಒಳ್ಳೆಯ ಹುಡುಗ. ಮಗಳಿಗೂ ಅವನಿಗೂ ಫೋನಿನಲ್ಲಿ ಮಾತಾಗಿತ್ತು, ಮನಸ್ಸೂ ಸೇರಿತ್ತು. ಇನ್ನು ಹಿರಿಯರು ಬಂದು ಹೂಂ ಅನ್ನುವುದಷ್ಟೇ ಬಾಕಿ. ಬರುವ ಭಾನುವಾರ ಗಾಡಿ ಕಣ್ಣಿಗೆ ಬಿದ್ದರೆ ಇದೂ ಮುರಿಯುತ್ತದೆ ಎಂದು ನಾನು ವಾರವಿಡೀ ನಿದ್ದೆಗೆಟ್ಟೆ.

"ತಾತನ ಗಾಡಿ ನೋಡಿ ಓಡಿಹೋಗೋ ಮನೆ ನನಗೆ ಬೇಡಪ್ಪ," ಅಂದಳು ಮಗಳು. ಅಂದಳೇ ಹೊರತು, ಆ ಮಾತಾಡುವಾಗ ಅವಳು ಫೋನನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳು ಎಂಬುದನ್ನು ನಾನು ನೋಡಿದೆ.

ಮಾವನ ಹತ್ತಿರ ಹೋಗಿ, ಎಂದೂ ಇಲ್ಲದ ಬಹುವಚನದಲ್ಲಿ, "ಮಾವ, ಭಾನುವಾರ ಒಂದಿನ ಗಾಡಿ ಸ್ವಲ್ಪ ದೂರ ನಿಲ್ಲಿಸ್ತೀರಾ?" ಎಂದೆ. ಅವನು ಒಂದು ಕ್ಷಣ ನನ್ನನ್ನು ನೋಡಿದ. "ಮಗೀನ್ ಕೆಲ್ಸ ಅಂದ್ಮೇಲೆ ಕೇಳ್ಬೇಕೇನ್ಲಾ? ಬಂಗಾರಪೇಟೆ ರೋಡ್ಗೇ ಓಗ್ಬಿಡ್ತೀನಿ, ಉಣಿಸೆ ಮರದ್ ಕೆಳ್ಗೆ. ಸಾಯಂಕಾಲ ಬತ್ತೀನಿ."

ನಾನು ಸಂತೋಷದಿಂದ ಒಪ್ಪಿಬಿಟ್ಟೆ. ನನ್ನ ತಲೆ ಎಷ್ಟು ಚುರುಕು ನೋಡಿ. ಹುಡುಗನ ಮನೆಯವರು ಬರುವುದು ಯಾವ ರಸ್ತೆಯಲ್ಲಿ? ಬಂಗಾರಪೇಟೆ ರಸ್ತೆಯಲ್ಲಿ. ಅವರ ಕಾರು ಕೆಟ್ಟು ನಿಂತಿದ್ದು ಎಲ್ಲಿ? ಆ ಹುಣಸೆಮರದಿಂದ ಕೂಗಳತೆಯಲ್ಲಿ. ಯಾರ ಮನೆಗೆ ಎಂದು ವಿಚಾರಿಸಿದ ಮಾವ, ನನ್ನ ಹೆಸರು ಕೇಳುತ್ತಲೇ, "ಅಯ್ಯೋ, ನಮ್ ಉಡ್ಗೀನೇ!" ಎಂದು ಎಲ್ಲರನ್ನೂ ಗಾಡಿಗೆ ಹತ್ತಿಸಿಕೊಂಡುಬಿಟ್ಟ.

ನಾನು ಗೇಟಿನಲ್ಲಿ ಕೈ ಮುಗಿದು ನಿಂತಿದ್ದೆ. ಬೀದಿ ತಿರುವಿನಲ್ಲಿ ಕಡುನೀಲಿ ಮಿಂಚು ಕಂಡಿತು. ಗಾಡಿ ಬಂದು ಅದರ ಎಂದಿನ ಜಾಗದಲ್ಲೇ ನಿಂತಿತು. ಹುಡುಗನ ತಂದೆ ಮುಂದಿನಿಂದ ಇಳಿದರು. ನಾನು ಹಿಂಬಾಗಿಲು ತೆಗೆದೆ. ಒಳಗೆ ಎರಡೂ ಪಕ್ಕದ ಬೆಂಚುಗಳಲ್ಲಿ ಹೆಂಗಸರು ಹಣ್ಣಿನ ತಟ್ಟೆ ಹಿಡಿದು ಕೂತಿದ್ದರು. ನಡುವಿನ ಹಲಗೆಯ ಮೇಲೆ, ರೇಷ್ಮೆ ಸೀರೆಯುಟ್ಟು, ಎದೆಯ ಮೇಲೆ ಕೈ ಜೋಡಿಸಿ, ಕಣ್ಣು ಮುಚ್ಚಿ, ಹುಡುಗನ ಅಜ್ಜಿ ಉದ್ದಕ್ಕೆ ಮಲಗಿದ್ದರು.

ನನ್ನ ಹೃದಯ ಅವತ್ತು ನಿಲ್ಲದಿದ್ದ ಮೇಲೆ ಇನ್ನು ಅದಕ್ಕೆ ಏನೂ ಆಗುವುದಿಲ್ಲ ಎಂದು ಈಗ ಧೈರ್ಯ ಬಂದಿದೆ.

ಅಜ್ಜಿ ಒಂದು ಕಣ್ಣು ತೆರೆದರು. "ಬಂದ್ಬುಟ್ವಾ? ಏಮಪ್ಪಾ, ಈ ಗಾಡಿ ಮಾಡ್ದೋನು ಪುಣ್ಯಾತ್ಮ. ಮಂಡಿನೋವ್ನೋರು ಕಾಲ್ ಚಾಚ್ಲಿ ಅಂತ ನಡುವೆ ಎಷ್ಟು ಜಾಗ ಮಡಗವ್ನೆ. ಏನ್ ಪಾಲಿಶ್ಶು, ಏನ್ ಕತೆ."

ಅಂದರೆ ಯಾರಿಗೂ ಗೊತ್ತಾಗಿರಲಿಲ್ಲ. ಅಕ್ಷರಗಳಿರಲಿಲ್ಲವಲ್ಲ. ಆದರೆ ಹುಡುಗನ ತಂದೆಯ ಮುಖ ಬಿಗಿದಿತ್ತು. ನಮಗೆಂದು ಅವರು ತೋಟದಿಂದ ಒಂದು ಕ್ರೇಟು ಟೊಮೇಟೊ ತಂದಿದ್ದರಂತೆ. ಮಾವ ಅದನ್ನು ಗಾಡಿಗೆ ಏರಿಸಲು ಬಿಡಲಿಲ್ಲವಂತೆ. ಹುಡುಗ ಕ್ರೇಟಿನೊಂದಿಗೆ ಮೆಕ್ಯಾನಿಕ್ಕಿಗಾಗಿ ಕಾಯುತ್ತ ರಸ್ತೆಯಲ್ಲೇ ಉಳಿದಿದ್ದ.

"ಮೊದ್ಲನೇ ಸಲ ಬರಿಗೈಲಿ ಬಂದಂಗಾಯ್ತು," ಅಂದರು ಅವರು, ಜಗಲಿಯ ಕುರ್ಚಿಯ ತುದಿಯಲ್ಲಿ ಕೂತು. "ನಾವು ಬೆಳ್ದಿದ್ದು ನಿಮ್ಮೋರ್ ಗಾಡಿಗೆ ಆಗಲ್ವಂತೆ."

ನಾನು ಏನೋ ತೊದಲುತ್ತಿದ್ದೆ. ಅಷ್ಟರಲ್ಲಿ ಬೀದಿ ಮೂಲೆಯ ಹೂವಿನವನು ಬಂದ. ಮಾವನ ಗಾಡಿ ಜನ ತುಂಬಿಕೊಂಡು ಒಂದು ಮನೆಯ ಮುಂದೆ ನಿಂತರೆ, ಹೇಳಿ ಕಳಿಸುವ ಮೊದಲೇ ಹಾರ ತಂದುಬಿಡುವುದು ಅವನ ವಾಡಿಕೆ. ತೋಳುದ್ದದ ಸುಗಂಧರಾಜದ ಹಾರ ಹಿಡಿದು, ತಗ್ಗಿದ ಸ್ವರದಲ್ಲಿ, "ಯಾರ್ ಸಾರ್ ಪೋಯಿಟ್ಟಾಂಗ?" ಎಂದ, ಹೋದವರು ಯಾರು ಎಂದು. ಜಗಲಿಗೆ ಬಂದು ಕೂತಿದ್ದ, ತಮಿಳು ಅರ್ಥವಾಗದ ಅಜ್ಜಿ ಸಂತೋಷದಿಂದ ಕತ್ತು ಬಾಗಿಸಿ ಹಾರವನ್ನು ಕೈಗೆ ತೆಗೆದುಕೊಂಡರು, ತಮಗೇ ಸ್ವಾಗತವೆಂದು. ಅವನು ಅಜ್ಜಿಯನ್ನು ನೋಡಿದ. ನನ್ನನ್ನು ನೋಡಿದ. ಕನ್ನಡಕ್ಕೆ ಹೊರಳಿ ಕೇಳಿದ:

"ಎತ್ತೋದು ಎಷ್ಟೊತ್ತಿಗೆ ಸಾರ್? ದಾರಿಗೆ ಎರಚೋ ಬಿಡಿ ಹೂವು ಇನ್ನೂ ತರಿಸ್ಬೇಕು."

ಹುಡುಗನ ತಂದೆ ನಿಧಾನವಾಗಿ ಗಾಡಿಯ ಕಡೆ ತಿರುಗಿದರು. "ಇದು ಎಂಥಾ ಗಾಡಿ?"

ಕಾಫಿ ತಟ್ಟೆ ಹಿಡಿದು ಬಂದ ಮಗಳು ಹೇಳಿದಳು: "ಹೆಣ ತಗೊಂಡು ಹೋಗೋ ಗಾಡಿ. ತಾತ ದಿನಾ ತೊಳೀತಾರೆ. ನಮ್ಮ ಮನೇಲಿ ಅದಕ್ಕಿಂತ ಕ್ಲೀನಾಗಿರೋದು ಏನೂ ಇಲ್ಲ. ಈ ಲೋಟಾನೂ ಸೇರಿಸಿ."

ಹುಡುಗನ ತಂದೆ ಅವಳು ಕೊಟ್ಟ ಲೋಟ ಕೆಳಗಿಟ್ಟು ಎದ್ದರು. "ಅಮ್ಮಾ, ನಡಿ ಓಗಾನ."

ಅಜ್ಜಿ ಏಳಲಿಲ್ಲ. ಹೂವಿನ ಹಾರ ಮಡಿಲಲ್ಲಿಟ್ಟುಕೊಂಡು ಗಾಡಿಯನ್ನೇ ನೋಡುತ್ತಿದ್ದರು. ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು. "ಅಂಗಾರೆ ನಾನ್ ಮಲ್ಕಂಡಿದ್ದು ಅಲ್ಲೇನಾ? ಅಯ್ಯೋ ದೇವುಡಾ. ಜಾಗ ಸರಿಯಾಗದೆ ಕಣೋ, ಬೆನ್ನಿಗೆ ಒತ್ತಲಿಲ್ಲ." ಕಣ್ಣೊರೆಸಿಕೊಂಡು ಗೇಟಿಗೆ ಒರಗಿ ನಿಂತಿದ್ದ ಮಾವನನ್ನು ಕರೆದರು. "ಅಲ್ಲಪ್ಪಾ, ಈ ಗಾಡೀಗೆ ಹೆಣ ಅತ್ತುತ್ತೆ, ನಾನ್ ಅತ್ತುತ್ತೀನಿ, ನಮ್ ಟೊಮೇಟೊ ಅತ್ತಂಗಿಲ್ವಾ? ಹೆಣಕ್ಕಿಂತ ಮೈಲಿಗೆನಾ?"

"ಅಂಗಲ್ಲವ್ವಾ. ಟೊಮೇಟೊ ಉಳಿ ಅಲ್ವಾ, ಬಣ್ಣ ತಿಂತದೆ."

"ಮುಂದ್ಗಡೆ ನಿಂಬೆಅಣ್ಣು ನೇತಾಕಿದ್ದೀಯಲ್ಲಪ್ಪಾ."

ಇಷ್ಟು ವರ್ಷದಲ್ಲಿ ನಮ್ಮಲ್ಲಿ ಯಾರೂ ಕೇಳದಿದ್ದ ಮಾತು. ಮಾವ ಹೆಗಲ ಮೇಲಿನ ಬಟ್ಟೆಯನ್ನು ತೆಗೆದು ಮಡಚಿದ. ಮತ್ತೆ ಬಿಚ್ಚಿದ.

"ನನ್ನೆಂಡ್ತಿ ಕೋಲಾರದ್ ಆಸ್ಪತ್ರೇಲಿ ತೀರ್ಕಂಡ್ಲು," ಅಂದ, ಗಾಡಿಯ ಕಡೆಗೇ ನೋಡುತ್ತ. "ಕರ್ಕಂಡ್ ಬರಾಕೆ ಗಾಡಿ ಸಿಕ್ಲಿಲ್ಲ. ಮಾರ್ಕೆಟ್ಟಲ್ಲಿ ಟೊಮೇಟೊ ಇಳ್ಸಿ ಬತ್ತಿದ್ದ ಟೆಂಪೊ ಒಂದು ಸಿಕ್ತು. ಡ್ರೈವರ್ ಒಳ್ಳೇವ್ನು, ಕೇಳಿದ್ ಕೂಡ್ಲೇ ನಿಲ್ಸ್ದ. ಒಳ್ಗೆಲ್ಲಾ ಅಣ್ಣು ಒಡ್ದೋಗಿ ಕಿಚಪಿಚ ಅಂತಿತ್ತು. ನನ್ ಪಂಚೆ ಬಿಚ್ಚಿ ಆಸ್ದೆ. ಆದ್ರೂ ನೆನೀತು. ಅವ್ಳು ಭಾಳ ಕ್ಲೀನು." ಬಟ್ಟೆಯನ್ನು ಮತ್ತೆ ಹೆಗಲಿಗೆ ಹಾಕಿಕೊಂಡ. "ತೊಳ್ಯಾಕೆ ಟೈಮಿರ್ಲಿಲ್ಲ."

ಅತ್ತೆಯನ್ನು ಮನೆಯಲ್ಲಿ ಇಳಿಸಿಕೊಂಡಾಗ ನಾನೂ ಇದ್ದೆ. ಸೀರೆಯ ಅಂಚಿನಲ್ಲಿ ಕೆಂಪಿತ್ತು. ಮುತ್ತೈದೆಯಾಗಿ ಹೋದವರು, ಯಾರೋ ಕುಂಕುಮ ಚೆಲ್ಲಿದ್ದಾರೆ ಎಂದುಕೊಂಡಿದ್ದೆ.

"ನಮ್ ತೋಟದ್ದೇ ಆಗಿರ್ಬೋದು," ಅಂದರು ಅಜ್ಜಿ, ಬಹಳ ಮೆಲ್ಲಗೆ. ಹುಡುಗನ ತಂದೆ ಮತ್ತೆ ಕುರ್ಚಿಯಲ್ಲಿ ಕೂತರು. ಈ ಸಲ ತುದಿಯಲ್ಲಿ ಅಲ್ಲ. ಆರಿಹೋಗಿದ್ದ ಕಾಫಿಯನ್ನು ಎತ್ತಿಕೊಂಡು ಪೂರ್ತಿ ಕುಡಿದರು.

ಅಷ್ಟು ಹೊತ್ತಿಗೆ ರಿಪೇರಿಯಾದ ಕಾರು ಬಂತು. ಹುಡುಗ ಕ್ರೇಟು ತಬ್ಬಿಕೊಂಡು ಇಳಿದ. ಎಲ್ಲರ ಮುಖ ನೋಡಿ, ಎಲ್ಲಿಡಬೇಕೆಂದು ತಿಳಿಯದೆ, ಅದನ್ನು ಹಿಡಿದೇ ನಿಂತ. ಮಗಳು ಹೋಗಿ ಇನ್ನೊಂದು ಪಕ್ಕ ಹಿಡಿದಳು. ಇಬ್ಬರೂ ಅಡುಗೆಮನೆಯ ಕಡೆ ಹೋದರು, ಮಾವನ ಗಾಡಿಯಿಂದ ಸಾಕಷ್ಟು ದೂರ ಬಳಸಿಕೊಂಡು.

"ಕಾರ್ ಬಂತಲ್ಲಮ್ಮಾ, ಇನ್ ಒಲ್ಡಾನ," ಅಂದರು ಹುಡುಗನ ತಂದೆ, ಸ್ವಲ್ಪ ಹೊತ್ತಿನ ಮೇಲೆ.

"ನೀವ್ ಓಗ್ರಿ. ನಾನ್ ಇದ್ರಲ್ಲೇ ಬತ್ತೀನಿ, ಮುಂದಿನ್ ಸೀಟಲ್ಲಿ. ಕೂತ್ಕಂಡ್ ಓಗೋದು ಈಗ್ಲೇಯ. ಇನ್ನೊಂದ್ ಸಲ ಮಲ್ಕಂಡೇ."

ಅಜ್ಜಿ ಮಂಡಿ ಹಿಡಿದುಕೊಂಡು ಎದ್ದರು. ಮೆಟ್ಟಿಲಿಳಿದು ಗಾಡಿಯ ಹಿಂದಕ್ಕೆ ಹೋದರು. ಬಾಗಿಲು ಇನ್ನೂ ತೆರೆದಿತ್ತು. ಒಳಗಿನ ಹಲಗೆ ಬಿಸಿಲಿಗೆ ಹೊಳೆಯುತ್ತಿತ್ತು. ಒಂದು ಕಲೆ ಇಲ್ಲ, ಒಂದು ಗೀರಿಲ್ಲ. ಅಜ್ಜಿ ಸೆರಗಿನ ತುದಿ ಹಿಡಿದು, ಮಗುವಿನ ಬಾಯಿ ಒರೆಸಿದ ಹಾಗೆ, ಆ ಹಲಗೆಯನ್ನು ಒರೆಸತೊಡಗಿದರು.

ನನ್ನ ಹೆಂಡತಿ ನನ್ನ ತೋಳು ಹಿಡಿದುಕೊಂಡಳು. ರೇಷ್ಮೆ ಸೀರೆ, ಬೆರಳಗಲ ಜರಿ. ಕಿರುಚಾಟಕ್ಕೆ ನಾವಿಬ್ಬರೂ ಸಿದ್ಧರಾದೆವು.

ಮಾವ ಹತ್ತಿರ ಹೋದ. ಬಗ್ಗಿ, ಬಕೆಟ್ಟಿನ ಮೇಲೆ ಒಣಹಾಕಿದ್ದ ಬಟ್ಟೆಗಳಲ್ಲಿ ಒಂದನ್ನು ಆರಿಸಿ, ಎರಡು ಸಲ ಕೊಡವಿ, ಅಜ್ಜಿಯ ಕೈಗೆ ಕೊಟ್ಟ.

"ಇದ್ರಲ್ಲಿ ಒರ್ಸವ್ವಾ," ಅಂದ. "ಮೆತ್ಗದೆ."